ಪಂಡಿತರ ದ್ರಾಕ್ಷಾಸವ

ರುಕ್ಮಿಣಿ ಅತ್ತೆ ವೈನನ್ನು ಒಳಲೆಯಲ್ಲಿ ಕುಡಿಯುತ್ತಿದ್ದಳು. ಕೂಸಿನ ಬಾಯಿಗೆ ಬಜೆ ತೇಯ್ದು ಹೊಯ್ಯುತ್ತಾರಲ್ಲ, ಆ ಬೆಳ್ಳಿಯ ಒಳಲೆ. ಅದರ ಮೂತಿಯನ್ನು ತುಟಿಗಿಟ್ಟು, ಕಣ್ಣು ಮುಚ್ಚಿ, ಗುಟುಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ ನುಂಗುತ್ತಿದ್ದಳು. ಆಮೇಲೆ ಪರೀಕ್ಷೆಯ ಪೇಪರು ತಿದ್ದುವವಳ ಗತ್ತಿನಲ್ಲಿ ತೀರ್ಪು ಬರುತ್ತಿತ್ತು. "ಮೂಗಿಗೆ ಜಾಸ್ತಿ, ನಾಲಿಗೆಗೆ ಕಮ್ಮಿ. ಮದುವೆ ಮನೆ ಬಾಗಿಲಲ್ಲಿ ಪನ್ನೀರು ಎರಚಿ, ಒಳಗೆ ಬರೀ ತಿಳಿಸಾರು ಬಡಿಸಿದ ಹಾಗಿದೆ."

ಅತ್ತೆ ಅರಸೀಕೆರೆಯಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, ರಜೆ ಬಂದರೆ ಅವಳ ಮನೆಯಲ್ಲೇ ಠಿಕಾಣಿ. ವೈನು ಮಾಡುವುದನ್ನು ಅವಳಿಗೆ ಕಲಿಸಿದವರು ಅದೇ ಸ್ಕೂಲಿನ ಸ್ಟೆಲ್ಲಾ ಟೀಚರ್. ಅವರ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಮಾತ್ರ ಮಾಡುತ್ತಿದ್ದರು. ಅತ್ತೆಗೆ ಹಬ್ಬದ ನೆಪವೂ ಬೇಕಿರಲಿಲ್ಲ. ದ್ರಾಕ್ಷಿ ಹಿಸುಕಿ, ಸಕ್ಕರೆಯನ್ನೂ ಹಿಡಿ ಗೋಧಿಯನ್ನೂ ಸೇರಿಸಿ, ಉಪ್ಪಿನಕಾಯಿಯ ಭರಣಿಗೆ ತುಂಬಿ, ಬಾಯಿಗೆ ತೆಳು ಬಟ್ಟೆಯನ್ನು ಸಡಿಲವಾಗಿ ಕಟ್ಟಿ ಕತ್ತಲಕೋಣೆಯಲ್ಲಿ ಇಡುತ್ತಿದ್ದಳು. "ಒಳಗೆ ಉಸಿರಾಡ್ತಾ ಇರತ್ತೆ ಕಣೋ, ಬಾಯಿ ಬಿಗೀಬಾರದು" ಎನ್ನುತ್ತಿದ್ದಳು.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಇಬ್ಬರೂ ಟೀಚರುಗಳು ಬಂದು ಮೊದಲು ಬೀದಿಯ ಕಿಟಕಿ ಮುಚ್ಚುತ್ತಿದ್ದರು. ಆಮೇಲೆ ವಾದ ಶುರು.

"ದಿಲ್‌ಖುಷ್ ದ್ರಾಕ್ಷೀನ ಹಾಗನ್ಬೇಡಿ ಮಿಸ್, ಬಿಳಿ ವೈನಿಗೆ ಅದೇ ಸರಿ," ಎಂದು ಸ್ಟೆಲ್ಲಾ ಟೀಚರ್.

"ಬಿಳಿಯಂತೆ! ಅಕ್ಕಿ ತೊಳೆದ ನೀರು."

"ನಿಮ್ಮ ಕಪ್ಪು ಬೆಂಗಳೂರು ಬ್ಲೂ ಮಾತ್ರ ಏನು? ಊದಿನಕಡ್ಡಿ ಅಂಗಡಿ."

"ಊದಿನಕಡ್ಡಿಯಾದ್ರೂ ಇದೆಯಲ್ಲ. ನಿಮ್ಮ ಇನ್ನೊಂದು ಬಿಳಿ ದ್ರಾಕ್ಷಿ, ಆ ಥಾಮ್ಸನ್ನಿಗೆ ಬೀಜವೂ ಇಲ್ಲ, ಬೆನ್ನುಮೂಳೆಯೂ ಇಲ್ಲ."

ಎಲ್ಲದರಲ್ಲೂ ಇರುವುದು ಸಕ್ಕರೆ, ಹುಳಿ, ಆಲ್ಕೋಹಾಲು, ಮಿಕ್ಕಿದ್ದು ನಿಮ್ಮ ಕಲ್ಪನೆ ಎಂದು ನಾನು ಮೂಗು ತೂರಿಸಿದರೆ ಅತ್ತೆ, "ಓದಿದ್ದು ಸಾಕು, ಕುಡಿ" ಎನ್ನುತ್ತಿದ್ದಳು.

ಈ ಕೂಟಕ್ಕೆ ಮೂರನೆಯ ರಸಿಕರೊಬ್ಬರಿದ್ದರು, ಬೇಲೂರಿನ ಶೇಷು ದೊಡ್ಡಪ್ಪ. ಅಪ್ಪನಿಗೂ ಅತ್ತೆಗೂ ದಾಯಾದಿ ಅಣ್ಣ. ತಾಲ್ಲೂಕು ಕಚೇರಿಯ ಗುಮಾಸ್ತರಾಗಿ ನಿವೃತ್ತರಾದವರು. ಹೋಟೆಲಿನ ನೀರನ್ನೂ ಮುಟ್ಟದಷ್ಟು ಮಡಿ. ತಿಂಗಳಿಗೊಂದು ಶನಿವಾರ ಅರಸೀಕೆರೆ ಪಕ್ಕದ ಮಾಲೇಕಲ್ಲಿನ ಬೆಟ್ಟ ಹತ್ತಿ ವೆಂಕಟರಮಣನ ದರ್ಶನ ಮಾಡಿಕೊಂಡು, ಕಾಲು ಸೋತು ಅತ್ತೆಯ ಮನೆಗೆ ಬರುತ್ತಿದ್ದರು. ಒಮ್ಮೆ ಅತ್ತೆ, "ದ್ರಾಕ್ಷಾಸವ ಇದೆ ಶೇಷಣ್ಣ, ಕಾಲುನೋವಿಗೆ ಒಳ್ಳೇದು" ಎಂದು ಒಳಲೆ ತುಂಬಿ ಕೊಟ್ಟಳು. ಅವರು ಕಣ್ಣು ಮುಚ್ಚಿ ಕುಡಿದು ಕೇಳಿದರು: "ಯಾವ ಪಂಡಿತರು ಮಾಡಿದ್ದು?"

"ಇಲ್ಲೇ ಒಬ್ಬರಿದ್ದಾರೆ."

ಅಲ್ಲಿಂದಾಚೆಗೆ ಎಲ್ಲ ಅಭಿಪ್ರಾಯವೂ ಆ ಇಲ್ಲದ ಪಂಡಿತರ ಮೂಲಕವೇ. "ಈ ಸಲ ನಿಮ್ಮ ಪಂಡಿತರು ಬೀಜಾನೂ ಅರೆದುಬಿಟ್ಟಿದಾರೆ ಕಣೇ ರುಕ್ಕು. ಒಗರು ಗಂಟಲಲ್ಲೇ ಕೂತಿದೆ." "ಹಸಿರು ದ್ರಾಕ್ಷಿ ಬೇಡ ಅಂತ ಹೇಳು ಪಂಡಿತರಿಗೆ, ಕಪ್ಪಿನದು ಮನಸ್ಸಿಗೆ ಇಳಿಯುತ್ತೆ." ಅತ್ತೆ ತಲೆಬಾಗಿ, "ಹೇಳ್ತೀನಿ ಶೇಷಣ್ಣ" ಎನ್ನುತ್ತಿದ್ದಳು. ಸ್ಟೆಲ್ಲಾ ಟೀಚರ್ ನಗು ತಡೆಯಲಾರದೆ ಹಿತ್ತಲಿಗೆ ಹೋಗುತ್ತಿದ್ದರು. ಅದು ವೈನೆಂಬುದು ದೊಡ್ಡಪ್ಪನಿಗೆ ಗೊತ್ತಿತ್ತು ಎಂದು ಆಗ ನನಗೆ ಖಚಿತವಾಗಿತ್ತು. ಈಗ ಅಷ್ಟು ಖಚಿತವಿಲ್ಲ.

ಒಂದು ರಜೆಯಲ್ಲಿ ಅತ್ತೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಪ್ಪ, ತಂಗಿ, ಬೇಲೂರಿನವರೆಲ್ಲ ಬಂದಿದ್ದರು. ದೊಡ್ಡಪ್ಪನ ಸೊಸೆ ಕೆಲಸಗಾತಿ. ಕತ್ತಲಕೋಣೆಗೆ ಹೋದವಳು ಸಡಿಲ ಬಟ್ಟೆಯ ಭರಣಿ ನೋಡಿ, ಉಪ್ಪಿನಕಾಯಿಗೆ ಗಾಳಿಯಾಡಿ ಬೂಷ್ಟು ಹಿಡಿಯುತ್ತದೆಂದು ಮುಚ್ಚಳ ಒತ್ತಿ, ಬಟ್ಟೆ ಬಿಗಿದು, ಮೇಲೊಂದು ಗುಂಡುಕಲ್ಲು ಹೇರಿ ಬಂದಿದ್ದಳು. ಪಂಕ್ತಿಯಲ್ಲಿ ಹುಳಿಯನ್ನ ಕಲಸುವ ಹೊತ್ತಿಗೆ ಒಳಗೆ ಮುಚ್ಚಳ ಸಿಡಿದು ಢಬ್ ಎಂದಿತು. ಕೋಣೆಯ ಬಾಗಿಲ ಕೆಳಗಿನಿಂದ ನೇರಳೆ ನೊರೆ ಹರಿದು ಬಂತು. ಪಂಕ್ತಿಯ ತುದಿಗೆ ಕೂತಿದ್ದ ದೊಡ್ಡಪ್ಪನ ಎಲೆಯವರೆಗೂ ಹರಿಯಿತು ಎಂದು ನನ್ನ ನೆನಪು. ಹೊಸ್ತಿಲಲ್ಲೇ ನಿಂತಿತ್ತು ಎನ್ನುತ್ತಾಳೆ ನನ್ನ ತಂಗಿ. ವಾಸನೆ ಮಾತ್ರ ಇಡೀ ಮನೆಗೆ ಹಬ್ಬಿತು.

"ಏನೇ ಇದು, ಹೆಂಡದಂಗಡಿ ಹಾಗೆ?" ಎಂದರು ಅಪ್ಪ.

"ದ್ರಾಕ್ಷಾಸವ," ಎಂದಳು ಅತ್ತೆ.

ಅಪ್ಪನ ಮುಖಕ್ಕೆ ಜೀವ ಬಂತು. "ಹಾಗನ್ನು! ಶೇಷಣ್ಣಂಗೆ ಔಷಧಿ ಎಲ್ಲ ಗೊತ್ತಲ್ಲ. ಏನಣ್ಣ, ಆಸವ ತಾನೆ?"

ಹೂಂ ಎಂದರೆ ಸಾಕಿತ್ತು. ವಿಧವೆ ಟೀಚರೊಬ್ಬಳ ಮಾನ ಆ ಒಂದು ಹೂಂನಲ್ಲಿ ಇತ್ತು. ದೊಡ್ಡಪ್ಪ ಎಲೆಯಿಂದ ಕೈ ತೆಗೆದರು. "ನನಗೇನಪ್ಪ ಗೊತ್ತು? ಇಂಥ ವಾಸನೆ ನಾನು ಮೂಸಿದೋನೇ ಅಲ್ಲ."

ಅತ್ತೆ ಕೈಯಲ್ಲಿ ಸೌಟು ಹಿಡಿದೇ ನಿಂತಿದ್ದಳು. "ಹೋದ ತಿಂಗಳು ಕೇಳಿ ಕೇಳಿ ಹಾಕಿಸ್ಕೊಂಡೆಯಲ್ಲ ಶೇಷಣ್ಣ, ಅವತ್ತು ಮೂಗು ಬೇಲೂರಲ್ಲೇ ಬಿಟ್ಟು ಬಂದಿದ್ಯಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವರ ಸ್ವಂತ ಮಗನೂ ನಕ್ಕ. ಆ ನಗುವಿನಲ್ಲಿ ನನ್ನ ದನಿ ಇತ್ತೋ ಇಲ್ಲವೋ ತಿಳಿಯದು. ನೆನಪು ನನಗೆ ಅನುಕೂಲವಾದ ಉತ್ತರವನ್ನೇ ಕೊಡುತ್ತದೆ, ಆದ್ದರಿಂದ ನಂಬುವುದಿಲ್ಲ. ದೊಡ್ಡಪ್ಪ ಅರ್ಧ ಊಟದಲ್ಲಿ ಎದ್ದರು. ಕೈ ತೊಳೆದು, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಆಮೇಲೂ ಅವರು ಮಾಲೇಕಲ್ಲಿಗೆ ಬರುತ್ತಿದ್ದರಂತೆ. ಬೆಟ್ಟ ಇಳಿದವರು ನೇರ ಬಸ್ಸಿಗೆ. ಹೆಂಡ ಕಾಯಿಸುವ ಟೀಚರ್ ಎಂದು ಊರು ಸ್ವಲ್ಪ ದಿನ ಆಡಿಕೊಂಡು ಸುಮ್ಮನಾಯಿತು. ಅತ್ತೆ ಅದಕ್ಕೆ ಸೊಪ್ಪು ಹಾಕಲಿಲ್ಲ. ಅವಳನ್ನು ತಿಂದದ್ದು ಬೇರೆ.

"ಅವರೇ ಮೊದಲು ನಿಮ್ಮ ಕೈ ಬಿಟ್ಟಿದ್ದು ಮಿಸ್, ನೀವ್ಯಾಕೆ ಕೊರಗ್ತೀರ?" ಎಂದರು ಸ್ಟೆಲ್ಲಾ ಟೀಚರ್.

"ಅವನಿಗೆ ಭಯ ಆಯ್ತು, ಸುಳ್ಳು ಹೇಳ್ದ. ನನಗೆ ಭಯವೂ ಇರಲಿಲ್ಲ ಕಣ್ರೀ. ನಮ್ಮನೇಲಿ ಎಲೆ ಮುಂದೆ ಕೂತೋನನ್ನ ನಗಪಾಟಲು ಮಾಡಿ ಎಬ್ಬಿಸ್ದೆ." ಮುಂದಿನ ದ್ರಾಕ್ಷಿ ಕಾಲಕ್ಕೆ ನಾನು ಹೋದಾಗ ಭರಣಿಯಲ್ಲಿ ನಿಂಬೆಕಾಯಿ ಇತ್ತು. ಬೀದಿಯ ಕಿಟಕಿ ತೆರೆದೇ ಇತ್ತು.

ಎರಡು ಸಾವಿರದ ಇಸವಿಯಾಚೆಗೆ ಒಂದು ದಿನ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ವೈಕುಂಠ ಸಮಾರಾಧನೆಗೆ ಅತ್ತೆಯೂ ನಾನೂ ಬೇಲೂರಿನ ಬಸ್ಸು ಹತ್ತಿದೆವು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಅವಳು ತಟ್ಟನೆ ಎದ್ದಳು.

"ಬೇಲೂರು ಇನ್ನೂ ಮುಂದೈತೆ, ಕೂತ್ಕಳಿ ಅಮ್ಮಾ," ಎಂದ ಕಂಡಕ್ಟರ್.

"ಗೊತ್ತಪ್ಪ," ಎಂದು ಇಳಿದಳು. ಕಿಟಕಿಯ ಕೆಳಗೆ ನಿಂತು ನನಗೆ ಹೇಳಿದಳು: "ನೀನು ಹೋಗಿ ಊಟ ಮಾಡ್ಕೊಂಡು ಬಾ. ಆ ಮನೆಯ ಎಲೆ ಮುಂದೆ ಕೂರೋಕೆ ನನಗೆ ಮುಖ ಇಲ್ಲ."

ಸಂಜೆ ನಾನು ಹಳೇಬೀಡಿಗೆ ಹಿಂತಿರುಗಿದಾಗ ಅಲ್ಲಿನ ಕೆರೆಯ ಏರಿಯ ಮೇಲೆ ಕೂತಿದ್ದಳು. ಏನೇನು ಬಡಿಸಿದರೆಂದು ಕೇಳಿದಳು. ಹೋಳಿಗೆ, ಆಂಬೊಡೆ, ಹಾಗಲಕಾಯಿ ಗೊಜ್ಜು ಎಂದು ಒಂದೊಂದಾಗಿ ಹೇಳಿದೆ.

"ಅವನಿಗೆ ಇಷ್ಟವಾದದ್ದೆಲ್ಲ ಮಾಡಿದ್ರಾ?"

"ಹೂಂ."

"ಎಲ್ಲಾನೂ?"

 ಅವಳು ನೀರನ್ನೇ ನೋಡುತ್ತಾ, ಬಾಯಲ್ಲಿ ಏನೂ ಇಲ್ಲದಿದ್ದರೂ ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ ನುಂಗಿದಳು.