ಮದುಮಗಳಾದ ಅಕ್ಕನ ಓಟ

ಮೆಂತೆ ಗಂಜಿಯ ವಾಸನೆ ಬಂದರೆ ಈಗಲೂ ನನಗೆ ಅಕ್ಕನ ನೆನಪಾಗುತ್ತದೆ. ಮೊನ್ನೆ ಮಣಿಪಾಲದ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯಿಂದ ಬೆಲ್ಲ, ತೆಂಗಿನಹಾಲು, ಬೆಂದ ಮೆಂತೆ ಕಲಸಿದ ಆ ಸಿಹಿಕಹಿ ಪರಿಮಳ ಮೆಟ್ಟಿಲು ಹತ್ತಿ ಬಂದಾಗ ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಆ ಮನೆಯ ಹುಡುಗಿ ದೊಡ್ಡವಳಾಗಿರಬೇಕು, ನಮ್ಮ ಕಡೆ ಆಗಲೇ ಈ ಗಂಜಿ ಕೊಡುವುದು. ನನ್ನ ಕಣ್ಣಿಗೆ ಕಂಡದ್ದು ಮಾತ್ರ ಇನ್ನಂಜೆಯ ನಮ್ಮ ಹಳೆಯ ಮನೆ: ಸೆಗಣಿ ಸಾರಿಸಿದ ಅಂಗಳ, ಅದರಾಚೆ ಮಲ್ಲಿಗೆ ಗಿಡಗಳ ಸಾಲು, ಬಗ್ಗಿ ಮೊಗ್ಗು ಕೊಯ್ಯುವ ಅಮ್ಮ, ಬಾವಿಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಅಪ್ಪಣೆ ಕೊಡುವ ಅಜ್ಜಿ. ಪಾಲಾದ ಮೇಲೆ ಆ ಮನೆಯನ್ನು ಕೆಡವಿದರು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ನಿಮಗೂ ಹೀಗೆ ದಾರಿ ಮಾತ್ರ ಉಳಿದ, ತಲುಪಲು ಮನೆಯೇ ಇಲ್ಲದ ಊರೊಂದು ಇರಬಹುದು.

ನಮ್ಮ ಬೆಳಗೆಲ್ಲ ಮಲ್ಲಿಗೆಯದೇ ಗಡಿಬಿಡಿ. ಹೂ ಒಯ್ಯುವ ವ್ಯಾನು ಕಟಪಾಡಿ ರಸ್ತೆಯ ಕಟ್ಟೆಯ ಹತ್ತಿರ ಬಂದು ನಿಲ್ಲುತ್ತಿತ್ತು, ಯಾರಿಗೂ ಕಾಯುತ್ತಿರಲಿಲ್ಲ. ತಪ್ಪಿದರೆ ಆ ದಿನದ ಹೂ ಮನೆಯಲ್ಲೇ ಬಾಡಬೇಕು. ಅಮ್ಮ ಕೊನೆಯ ಗಂಟು ಹಾಕಿ ಬಾಳೆಎಲೆಯಲ್ಲಿ ಸುತ್ತಿ ಕೊಟ್ಟದ್ದೇ ತಡ, ಅಕ್ಕ ಶಶಿ ಗದ್ದೆಯ ಅಂಚಿನ ಹುಣಿಯ ಮೇಲೆ ಓಡುತ್ತಿದ್ದಳು. ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ನಾನು ಬಾಯಿ ತೆರೆದು ನೋಡುತ್ತಿದ್ದೆ. ಶಾಲೆಗೆ ಹೊಸದಾಗಿ ಬಂದ ಗದಗ ಕಡೆಯ ಪಿ.ಟಿ. ಮಾಸ್ಟ್ರು ಒಂದು ದಿನ ಆ ಓಟ ಕಂಡರು. ಅಂದಿನಿಂದ ಅಕ್ಕನಿಗೆ ಸಂಜೆ ಮೈದಾನವೇ ಮನೆ. ಅಜ್ಜರಕಾಡು ಮೈದಾನದ ಜಿಲ್ಲಾ ಕ್ರೀಡಾಕೂಟದಲ್ಲಿ ಗೆದ್ದರೆ ಕ್ರೀಡಾ ವಸತಿಶಾಲೆಗೆ ಸೇರಬಹುದು ಎಂದು ಮಾಸ್ಟ್ರು ಹೇಳಿದ್ದರು. ಅಕ್ಕ ಬೇರೇನನ್ನೂ ಅಷ್ಟು ಬಯಸಿದ್ದನ್ನು ನಾನು ಕಂಡಿಲ್ಲ.

ಆ ಮಳೆಗಾಲದಲ್ಲಿ ಅಕ್ಕ ದೊಡ್ಡವಳಾದಳು. ತುಳುವಿನಲ್ಲಿ ಅದಕ್ಕೆ ‘ಮದ್ಮಲ್’ ಆದಳು ಎನ್ನುತ್ತೇವೆ. ಮದುಮಗಳಿಗೂ ಅದೇ ಶಬ್ದ. ನೀರೆರೆಯುವ ಶಾಸ್ತ್ರಕ್ಕೂ ‘ನೀರ್ ಮದಿಮೆ’, ಅಂದರೆ ನೀರಿನ ಮದುವೆ ಎಂದೇ ಹೆಸರು. ಅಕ್ಕ ಯಾಕೆ ಬಂದಿಲ್ಲ ಎಂದು ಮಾಸ್ಟ್ರು ಕೇಳಿದಾಗ ನಾನು ನನ್ನ ಪುಸ್ತಕದ ಕನ್ನಡದಲ್ಲಿ, ಬಹಳ ಜಾಗ್ರತೆಯಿಂದ ಹೇಳಿದೆ: “ಅಕ್ಕ ಮದುಮಗಳಾಗಿದ್ದಾಳೆ ಸರ್. ನಾಳೆ ಮದುವೆ ಉಂಟು. ಇನ್ನು ಓಡ್ಲಿಕ್ಕಿಲ್ಲ ಅಂತ ಅಜ್ಜಿ ಹೇಳಿದ್ದಾರೆ.”

ಮಾಸ್ಟ್ರ ಮುಖ ಬಿಳಿಚಿಕೊಂಡಿತು. ಮರುದಿನ ನಮ್ಮ ಅಂಗಳದಲ್ಲಿ ಹೆಂಗಸರು ಅಕ್ಕನನ್ನು ಮಣೆಯ ಮೇಲೆ ಕೂರಿಸಿ ನೀರೆರೆಯುತ್ತಿರುವಾಗ ಅವರ ಬೈಕು ಬಂದು ನಿಂತಿತು. “ಸಣ್ಣ ಹುಡುಗೀರಿ ಅದು! ಈ ಮದುವಿ ನಿಲ್ಲಸ್ರಿ!” ಎಂದು ಅವರು ಬೇಲಿಯ ತಡಮೆಯ ಆಚೆಯಿಂದಲೇ ಕೂಗಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಮ್ಮ ಓಡಿಹೋಗಿ ತಗ್ಗಿದ ಸ್ವರದಲ್ಲಿ ವಿಷಯ ಹೇಳಿದರು. ಮಾಸ್ಟ್ರು ನಾಚಿ ನೆಲ ನೋಡಿದರು, ಆದರೆ ಹೊರಟುಹೋಗಲಿಲ್ಲ.

“ತಪ್ಪಾತ್ರಿ. ಆದ್ರ ಹುಡುಗಿ ಓಡೂದು ಬಿಡಿಸಬ್ಯಾಡ್ರಿ.”

ನಗು ನಿಂತಿತು. ಅಜ್ಜಿ ಬಾವಿಕಟ್ಟೆಯಿಂದ ಎದ್ದರು. “ಈ ಪ್ರಾಯದಲ್ಲಿ ಓಡಿದ್ರೆ ಗರ್ಭಕೋಶ ಜಾರ್ತದೆ. ನಾಳೆ ಇವಳಿಗೆ ಮಕ್ಕಳಾಗದಿದ್ರೆ ನೀವು ಬರ್ತೀರಾ ಮಾಸ್ಟ್ರೇ?” ಅಕ್ಕ ಮೈಯಿಂದ ನೀರಿಳಿಯುತ್ತಿರುವಂತೆಯೇ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಅತ್ತೆಯೆದುರು ಎಂದೂ ಬಾಯಿ ತೆರೆಯದ ಅಮ್ಮ ಕೊಡಪಾನ ಕೆಳಗಿಟ್ಟು, “ಇದೊಂದು ಸಲ ಓಡ್ಲಿ ಮಾಮಿ” ಎಂದರು. ಅಜ್ಜಿ ಮತ್ತೆ ಬಾವಿಕಟ್ಟೆಯ ಮೇಲೆ ಕೂತು, “ಒಂದು ಸಲ. ಗೆಲ್ಲದಿದ್ರೆ ಮತ್ತೆ ಆ ಮಾತು ಎತ್ತಲಿಕ್ಕಿಲ್ಲ” ಎಂದರು.

ಕೂಟಕ್ಕೆ ಇನ್ನೂ ಕೆಲವು ತಿಂಗಳಿತ್ತು. ಹೂವಿನ ಓಟವನ್ನು ಅಜ್ಜಿ ನನಗೆ ವಹಿಸಿದರು. ಅಕ್ಕನಿಗೆ ಮೆಂತೆ ಗಂಜಿ, ಹಸಿ ಮೊಟ್ಟೆ, ಎಳ್ಳೆಣ್ಣೆ. ನಮ್ಮ ಕಣ್ಣೆದುರೇ ಅವಳ ಮೈ ಬದಲಾಯಿತು. ಸೊಂಟ ಅಗಲವಾಯಿತು, ತೊಡೆ ತುಂಬಿತು. ಎದೆಗೆ ಅಮ್ಮನ ಹಳೆ ಸೀರೆಯ ತುಂಡು ಬಿಗಿದು ಓಡಿ ಬಂದು, ಉಸಿರು ಸಿಗದೆ ಮೆಟ್ಟಿಲ ಮೇಲೆ ಕುಸಿಯುತ್ತಿದ್ದಳು. “ಕಾಲು ನನ್ನ ಮಾತು ಕೇಳುದಿಲ್ಲ ಮಾರಾಯ್ತಿ” ಎಂದು ನನ್ನೊಬ್ಬಳ ಹತ್ತಿರ ಹೇಳಿದಳು. ಅಜ್ಜಿಗೆ ಕೇಳಿಸೀತೆಂದು ನನಗೆ ಭಯ.

ಅಜ್ಜರಕಾಡಿನಲ್ಲಿ ಅಮ್ಮ ಮತ್ತು ನಾನು ಮೆಟ್ಟಿಲ ಮೇಲೆ ಕೂತಿದ್ದೆವು. ಸೀಟಿ ಊದುವ ಮೊದಲೇ ಅಮ್ಮ ನನ್ನ ಕೈ ಹಿಡಿದಿದ್ದರು, ಉಗುರು ಊರಿ ನೋವಾಗುತ್ತಿತ್ತು. ತಿರುವಿನವರೆಗೆ ಅಕ್ಕ ಮುಂದಿದ್ದಳು. ಆಮೇಲೆ ಇನ್ನೂ ಕಡ್ಡಿಯಂತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋದರು. ಮಾಸ್ಟ್ರು ನಮ್ಮ ಹತ್ತಿರ ಬಂದು, “ಮೈ ಬೆಳ್ಯೂ ಹೊತ್ತು ಇದು ಅಮ್ಮಾರ. ಮೊದಲ ತೂಕ ಬರತೈತಿ, ಬಲ ಆಮ್ಯಾಲ ಬರತೈತಿ. ಎರಡು ವರ್ಷ ತಡೀರಿ” ಎಂದು ಬೇಡಿಕೊಂಡರು. ಅಮ್ಮ ತಲೆ ತಗ್ಗಿಸಿದರು. ಮನೆಯಲ್ಲಿ ಅಜ್ಜಿ ಅಕ್ಕನ ಮುಖ ನೋಡಿದರು ಅಷ್ಟೇ. ಅಲ್ಲಿಗೆ ಅವಳ ಓಟ ಮುಗಿಯಿತು.

ಮತ್ತೆರಡು ವರ್ಷಕ್ಕೆ ನಾನೂ ದೊಡ್ಡವಳಾದೆ. ಅಜ್ಜಿ ಹಾಸಿಗೆ ಹಿಡಿದಿದ್ದರು, ಮಾಸ್ಟ್ರಿಗೆ ವರ್ಗವಾಗಿತ್ತು. ನನ್ನ ಓಟದ ಮೇಲೆ ಯಾರಿಗೂ ಆಸೆಯಿರಲಿಲ್ಲ, ಹಾಗಾಗಿ ಯಾರೂ ತಡೆಯಲಿಲ್ಲ. ಹೂ ಕಟ್ಟೆ ಸೇರಬೇಕಿತ್ತು, ಅಷ್ಟೇ. ನನಗೂ ಮೈ ಭಾರವಾಯಿತು, ಎಷ್ಟೋ ಸಲ ವ್ಯಾನು ತಪ್ಪಿಸಿ ಬೈಗುಳ ತಿಂದೆ. ಆದರೂ ಓಡುತ್ತಲೇ ಇದ್ದೆ. ಅದೆಂದು ಬದಲಾಯಿತೋ ತಿಳಿಯದು, ಒಂದು ಬೆಳಿಗ್ಗೆ ವ್ಯಾನಿಗಿಂತ ಮೊದಲೇ ಕಟ್ಟೆ ಮುಟ್ಟಿದ್ದೆ. ತೊಡೆಯಲ್ಲಿ ಹಿಂದೆಂದೂ ಇರದ ಕಸುವು. ಮನೆಗೂ ಓಡಿಯೇ ಬಂದೆ.

ಅಂಗಳ ಗುಡಿಸುತ್ತಿದ್ದ ಅಕ್ಕ, “ಇಷ್ಟು ಬೇಗ ಎಂತ?” ಎಂದಳು.

“ಕಾಲು ಹಗುರ ಆಯ್ತಕ್ಕ! ಮೊದಲಿಗಿಂತ ಜೋರು ಓಡ್ಲಿಕ್ಕೆ ಆಗ್ತದೆ!”

ಅವಳು ಹಿಡಿಸೂಡಿ ಹಿಡಿದುಕೊಂಡೇ ನನ್ನ ಕಾಲುಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಹಾಗಾದ್ರೆ ನಂಗೂ ಬಲ ಬರ್ತಿತ್ತು, ಅಲ್ವಾ?”

ಹೂ ಕಟ್ಟಲು ಬಾಳೆನಾರು ಸೀಳುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. ಆ ಅಮ್ಮನೂ ಅಜ್ಜಿಯೂ ಈಗಿಲ್ಲ. ಅಕ್ಕ ಕಾರ್ಕಳದಲ್ಲಿದ್ದಾಳೆ, ವಾರಕ್ಕೊಮ್ಮೆ ಫೋನಿನಲ್ಲಿ ಮಂಡಿನೋವಿನಿಂದ ಹಿಡಿದು ಮೀನಿನ ರೇಟಿನವರೆಗೆ ಎಲ್ಲ ಮಾತಾಡುತ್ತಾಳೆ. ಆ ಪ್ರಶ್ನೆಯನ್ನು ಮಾತ್ರ ಅವಳು ಮತ್ತೆ ಕೇಳಲಿಲ್ಲ. ಕೇಳದಿರಲಿ ಎಂದೇ ನಾನು ಬೇಡಿಕೊಳ್ಳುತ್ತೇನೆ. ಕೇಳಿದರೆ, ಹೌದಕ್ಕ, ನಿನಗೂ ಬರ್ತಿತ್ತು ಎನ್ನಬೇಕಾಗುತ್ತದೆ.