ಭಾನುವಾರದ ಎರಡು ಲಾರಿಗಳು

ಅಕ್ಕ ಮದುವೆಯಾಗಿ ಬೆಳಗಾವಿಗೆ ಹೋಗುವಾಗ ಎರಡು ಸೂಟ್‌ಕೇಸು, ಒಂದು ತಂಬೂರಿ ಮತ್ತು ನನ್ನ ಫೋನಿನ ಚಾರ್ಜರ್ ತೆಗೆದುಕೊಂಡು ಹೋದಳು. ಕಂಪ್ಯೂಟರನ್ನು ಮಾತ್ರ ಬಿಟ್ಟುಹೋದಳು. ಎನ್.ಆರ್. ಕಾಲೋನಿಯ ನಮ್ಮ ಮನೆಯ ಹಾಲಿನಲ್ಲಿ ಹಳೇ ಪೇಪರ್ ಹಾಸಿಕೊಂಡು, ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳದಲ್ಲಿ ಕೂಡಿಟ್ಟುಕೊಂಡು, ಅವಳೇ ಕೈಯಾರೆ ಜೋಡಿಸಿದ ಯಂತ್ರ ಅದು. ಆ ಮಹಾಕಾರ್ಯದಲ್ಲಿ ನನ್ನ ಪಾತ್ರ ಟಾರ್ಚ್ ಹಿಡಿಯುವುದು. ಅದನ್ನೂ ನೆಟ್ಟಗೆ ಹಿಡಿಯಲಿಲ್ಲ ಎಂದು ಇವತ್ತಿಗೂ ಹೇಳುತ್ತಾಳೆ. ಛತ್ರದಿಂದ ಕಾರು ಹತ್ತುವಾಗ ಎಲ್ಲರೂ ಅಳುತ್ತಿದ್ದರು. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, 'ಇನ್ನು ಅದು ನಿಂದು, ಹಾಳು ಮಾಡ್ಬೇಡ' ಎಂದಳು. ನನ್ನ ಪಾಲಿಗೆ ಸಿಕ್ಕ ಗದ್ಗದ ಅಷ್ಟೇ.

ಆಮೇಲೆ ಫೋನಿನಲ್ಲಿ ಸಿಗುತ್ತಿದ್ದವಳು ಬೇರೆ ಯಾರೋ. ಸಂಜೆ ಅಮ್ಮ ಫೋನ್ ಮಾಡುತ್ತಾಳೆ, ನಮ್ಮ ಕಡೆ ಸ್ಪೀಕರ್ ಹಾಕಿರುತ್ತೆ, ಆ ಕಡೆ ಅವಳ ಅತ್ತೆಯವರು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿರುತ್ತಾರೆ. ಊಟ ಆಯಿತು, ಮಳೆ ಇಲ್ಲ, ಎಲ್ಲಾರೂ ಆರಾಮ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಆರಾಮ ಇದ್ದವರಲ್ಲ, ಬರೀ ಚೆನ್ನಾಗಿದ್ದೆವು. ಅತ್ತೆಯವರು ಒಳ್ಳೆಯವರೇ. ಅವರ ವಿರುದ್ಧ ನನ್ನದೇನೂ ತಕರಾರಿಲ್ಲ, ಅವರ ಧ್ವನಿ ಮಾಡುವುದು ನನಗೆ ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಬರುತ್ತದೆ ಅನ್ನುವುದನ್ನು ಬಿಟ್ಟರೆ. ಆದರೆ ಅವರು ಕೋಣೆಯಲ್ಲಿದ್ದಷ್ಟು ಹೊತ್ತು ಅಕ್ಕ ಸೊಸೆ. ಅಮ್ಮ ಫೋನ್ ಇಟ್ಟ ಮೇಲೆ ಒಂದು ಕ್ಷಣ ಪರದೆಯನ್ನೇ ನೋಡುತ್ತಾಳೆ, ಇನ್ನೂ ಏನೋ ಬರಬೇಕಿತ್ತು ಅನ್ನುವ ಹಾಗೆ.

ನನ್ನ ಅಕ್ಕ ನನಗೆ ಸಿಗುತ್ತಿದ್ದದ್ದು ಭಾನುವಾರ ಮಧ್ಯಾಹ್ನ. ಊಟವಾಗಿ ಅವರ ಮನೆಯವರೆಲ್ಲ ಮಲಗಿ, ಮತ್ತೆ ಚಹಾಕ್ಕೆ ಏಳುವ ತನಕ ಒಂದು ಗಂಟೆ. ಅವಳು ಭಾವನ ಕಂಪ್ಯೂಟರಿನ ಮುಂದೆ, ನಾನು ಅವಳ ಕಂಪ್ಯೂಟರಿನ ಮುಂದೆ. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಒಂದು ಗೇಮಿನೊಳಗೆ ಲಾರಿ ಓಡಿಸುತ್ತಿದ್ದೆವು. ಯಾವುದೋ ಪರದೇಶದ ಹೆದ್ದಾರಿ, ಬೆನ್ನ ಮೇಲೆ ಯಾರದೋ ಸಿಮೆಂಟು, ಮುಂದೆ ಅವಳ ಲಾರಿ, ಹಿಂದೆ ನನ್ನದು. ಶೂಟಿಂಗ್ ಇಲ್ಲ, ಪಾಯಿಂಟಿನ ಗೊಡವೆ ಇಲ್ಲ. ನನ್ನ ಗೆಳೆಯರು ಇದನ್ನು ಆಟ ಎಂದು ಒಪ್ಪುವುದೇ ಇಲ್ಲ, ಸಂಬಳವಿಲ್ಲದ ನೌಕರಿ ಎನ್ನುತ್ತಾರೆ. ಆದರೆ ಹೆಡ್‌ಫೋನ್ ಹಾಕಿದ ತಕ್ಷಣ ಕಿವಿಯಲ್ಲಿ 'ಲೋ ಕತ್ತೆ, ಇಂಡಿಕೇಟರ್ ಹಾಕೋ' ಎಂದು ಕೇಳುತ್ತಿತ್ತು. ಆ ಕತ್ತೆ ಪದವಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಸೀದಾ ರಸ್ತೆ ಬಂದಾಗ ಅವಳು ನಮ್ಮ ಬೀದಿಯ ಸಮಾಚಾರ ಕೇಳುತ್ತಿದ್ದಳು. ಸಮಾಚಾರವೆಂದರೆ ಸುದ್ದಿಯಲ್ಲ, ಧ್ವನಿಗಳು. ಬೆಳಿಗ್ಗೆ ಹೂ ಮಾರುವವಳು ಮೊಳ ಹಾಕುವಾಗ ಗೊಣಗುವುದು, ತಮ್ಮ ಗೇಟಿನ ಮುಂದೆ ಯಾರು ಸ್ಕೂಟರ್ ನಿಲ್ಲಿಸಿದರೂ ವ್ಯಾಕರಣಬದ್ಧವಾಗಿ ಬೈಯುವ ಎದುರು ಮನೆಯ ನಿವೃತ್ತ ಮೇಷ್ಟ್ರು. ನಾನು ಒಬ್ಬೊಬ್ಬರನ್ನೇ ಮಾಡುತ್ತಿದ್ದೆ. ಮೇಷ್ಟ್ರ ಸರದಿ ಬಂದಾಗ ನಗು ತಡೆಯಲಾರದೆ ಅವಳ ಲಾರಿ ಡಿವೈಡರ್ ಸವರಿಕೊಂಡು ಹೋಗುತ್ತಿತ್ತು. ಲಾರಿಯನ್ನು ಮತ್ತೆ ಸಾಲಿಗೆ ತಂದುಕೊಂಡು, 'ಇನ್ನೊಂದ್ಸಲ ಮಾಡು' ಎಂದು ಅವಳು ಮೆಲ್ಲಗೆ ಹೇಳುತ್ತಿದ್ದಳು.

ದಸರಾ ಕಳೆದ ಮೇಲೆ ತೊಂದರೆ ಶುರುವಾಯಿತು. ಆಟ ಶುರುವಾದ ಸ್ವಲ್ಪ ಹೊತ್ತು ಎಲ್ಲ ಸರಿಯಾಗಿರುತ್ತಿತ್ತು. ಆಮೇಲೆ ಪರದೆ ಜಗ್ಗಿ ಜಗ್ಗಿ ನಿಲ್ಲತೊಡಗುತ್ತಿತ್ತು. ರಸ್ತೆ ಫೋಟೋದ ಮೇಲೆ ಫೋಟೋ ಇಟ್ಟಂತೆ ಬರುತ್ತಿತ್ತು. ನಾನು ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ತಿರುವು ಹಿಂದೆ ಹೋಗಿ ಲಾರಿ ಹೊಲದಲ್ಲಿ ಇರುತ್ತಿತ್ತು. ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುವ ಹಾಗೆ ಮಾಡಿಕೊಂಡು ನೋಡಿದೆ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಕ್ಲಾಕ್, ಅಂದರೆ ಅದು ಕೆಲಸ ಮಾಡುವ ವೇಗ, ಸಾವಿರದ ಏಳುನೂರು ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಇರಬೇಕಾದದ್ದು ನೋಡನೋಡುತ್ತ ಸಾವಿರಕ್ಕಿಳಿದು, ಅಲ್ಲಿಂದಲೂ ಜಾರಿ ಆರುನೂರಕ್ಕೆ ಬಂದು ಕೂರುತ್ತಿತ್ತು. ಪಕ್ಕದಲ್ಲಿ ಶಾಖದ ಅಂಕಿ ಏರುತ್ತಿತ್ತು. ಕಾರ್ಡು ಸುಟ್ಟುಹೋಗದಿರಲಿ ಎಂದು ತಾನೇ ವೇಗ ಇಳಿಸಿಕೊಳ್ಳುತ್ತದೆ ಎಂದು ಓದಿದ್ದೆ. ಆದರೆ ಯಾಕೆ ಅಷ್ಟು ಬಿಸಿಯಾಗುತ್ತಿದೆ ಅನ್ನುವುದು ತಿಳಿಯಲಿಲ್ಲ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದೆ ಎಂದು ಸಾಫ್ಟ್‌ವೇರ್ ತೋರಿಸುತ್ತಿತ್ತು. ಸಾಫ್ಟ್‌ವೇರ್ ಸುಳ್ಳು ಹೇಳುತ್ತದೆಯೇ ಎಂದು ನಾನು ಪೂರ್ತಿ ನಂಬಿದೆ.

ವಾರವೆಲ್ಲ ಅದೇ ಕೆಲಸವಾಯಿತು. ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಹೊಸದು ಹಾಕಿದೆ, ಹೊಸದನ್ನು ಅಳಿಸಿ ಹಳೆಯದು ಹಾಕಿದೆ. ಕರೆಂಟಿನ ಸೆಟ್ಟಿಂಗ್ ಬದಲಾಯಿಸಿದೆ. ಗೇಮಿನ ನೆರಳು, ಮೋಡ, ಮರಗಳನ್ನೆಲ್ಲ ಕಡಿಮೆ ಮಾಡಿ ಆ ದೇಶವನ್ನು ಮರುಭೂಮಿ ಮಾಡಿದೆ. ಚಾಮರಾಜಪೇಟೆಯ ಗೆಳೆಯನೊಬ್ಬನನ್ನು ಕೇಳಿದರೆ ಅವನು ತುಂಬ ಯೋಚಿಸಿ, ವೈದ್ಯರ ಧಾಟಿಯಲ್ಲಿ, 'ಮಗಾ, ಕಾರ್ಡ್ ಹೋಗಿದೆ, ಮನೇಲಿ ಹೇಳ್ಬಿಡು' ಎಂದ.

ಮೂರನೆಯ ಭಾನುವಾರ ಅವಳ ಲಾರಿ ನಾಲ್ಕು ಸಲ ರಸ್ತೆಬದಿಗೆ ನಿಂತು ನನಗಾಗಿ ಕಾಯಿತು. ಬೀದಿಯ ಧ್ವನಿ ಮಾಡಲು ನನಗೆ ಪುರುಸೊತ್ತೇ ಸಿಗಲಿಲ್ಲ, ಹೊಲದಿಂದ ರಸ್ತೆಗೆ, ರಸ್ತೆಯಿಂದ ಹೊಲಕ್ಕೆ. ಕೊನೆಗೆ ಅವಳು ಎಂಜಿನ್ ಆಫ್ ಮಾಡಿದಳು.

'ಬಿಡೋ. ಸುಮ್ನೆ ಒದ್ದಾಡ್ತಿದೀಯ. ಇನ್ಮೇಲೆ ಫೋನಲ್ಲೇ ಮಾತಾಡೋಣ.'

ಫೋನು ಎಂದಾಗ ನನಗೆ ಕಂಡದ್ದು ಸ್ಪೀಕರ್, ಸೊಪ್ಪು, ಆರಾಮ. ಈ ಒಂದು ಗಂಟೆ ಹೋದರೆ ಅವಳು ಪೂರ್ತಿಯಾಗಿ ಆ ಊರಿನವಳಾಗುತ್ತಾಳೆ ಅನಿಸಿತು. ತಮಾಷೆ ಮಾಡೋಣ ಎಂದು ಮೇಷ್ಟ್ರ ಧ್ವನಿ ತೆಗೆದೆ. ಬರಲಿಲ್ಲ. ನನ್ನದೇ ಧ್ವನಿ ಬಂತು. 'ಬೇಡ ಕಣೆ. ಸರಿ ಮಾಡ್ತೀನಿ. ಏನಾಗಿದೆ ಅಂತ ನೀನೇ ಹೇಳು.'

ಯಾವತ್ತಿಂದ ಹೀಗೆ ಎಂದು ಅವಳು ಕೇಳಿದಳು. ದಸರಾ ಆದಮೇಲಿಂದ ಎಂದೆ.

'ಆಯುಧ ಪೂಜೆ ದಿನ ಪಕ್ಕದ ಮುಚ್ಚಳ ಹಾಕಿತ್ತಾ, ಬಿಚ್ಚಿತ್ತಾ?'

ಬಿಚ್ಚಿತ್ತು. ನಮ್ಮ ಮನೆಯಲ್ಲಿ ಆ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಮೆಷಿನ್ನು, ಈಳಿಗೆಮಣೆ ಎಲ್ಲಕ್ಕೂ ಪೂಜೆ. ಹಿಂದಿನ ದಿನ ಅಕ್ಕ ಕಂಪ್ಯೂಟರಿನ ಮುಚ್ಚಳ ತೆಗೆದು ಧೂಳು ಹೊಡೆದು, ಮತ್ತೆ ಮುಚ್ಚಿ, ಅಮ್ಮ ಅರಿಶಿನ ಕುಂಕುಮ ಹಿಡಿದು ಬರುವಾಗ ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದಳು. ಅಮ್ಮ ಮುಚ್ಚಳದ ಮೇಲೆ ಒಂದು ಬೊಟ್ಟಿಟ್ಟು ಮುಂದೆ ಹೋಗುತ್ತಿದ್ದಳು. ಈ ಸಲ ಧೂಳು ಹೊಡೆದವನು ನಾನು. ಪೂಜೆಗೆ ಮೊದಲೇ ಮುಚ್ಚಳ ಹಾಕಬೇಕು ಅನ್ನುವುದು ನನ್ನ ಕಾರ್ಯಕ್ರಮದಲ್ಲಿ ಇರಲಿಲ್ಲ. ಪಂಚೆ ಸುತ್ತಿಕೊಂಡು, ಮೂಗಿನಲ್ಲಿ ಮಂತ್ರ ಹೇಳುತ್ತ, ಪುರೋಹಿತರ ಅವತಾರದಲ್ಲಿದ್ದೆ. ಅಮ್ಮ ಬಗ್ಗಿ ನೋಡಿ ಒಳಗಿರುವ ಈ ಎರಡು ದುಂಡನೆಯದೇನು ಎಂದು ಕೇಳಿದಾಗ, ಕಣ್ಣುಗಳಮ್ಮಾ ಎಂದು ಅದೇ ರಾಗದಲ್ಲಿ ಹೇಳಿದೆ. ಅಮ್ಮ ಭಕ್ತಿಯಿಂದ ಒಂದೊಂದರ ನಡುಮಧ್ಯಕ್ಕೂ ಗಂಧ ಇಟ್ಟಳು. ಬೆಳಿಗ್ಗೆ ಎದ್ದು ಸಾಣೆಕಲ್ಲಿನ ಮೇಲೆ ತಾನೇ ತೇದ ಗಂಧ. ಅವಳ ಮೆಷಿನ್ನು, ಈ ಸಲ ಅವಳೇ ಇಲ್ಲ ಎಂದು ಹೇಳಿಕೊಂಡು ಒಂದಕ್ಕೆ ಸ್ವಲ್ಪ ಜಾಸ್ತಿಯೇ ಇಟ್ಟಿದ್ದಳು.

ನಾನು ಇದನ್ನೆಲ್ಲ ಹೇಳಿ ಮುಗಿಸಿದಾಗ ಅಕ್ಕ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಟಾರ್ಚ್ ತಂದು ಕಾರ್ಡಿನ ಎರಡೂ ಫ್ಯಾನ್ ಕಣ್ಣಾರೆ ನೋಡು, ಅಂಕಿ ನಂಬಬೇಡ ಎಂದಳು. ಮೆಷಿನ್ ಓಡುತ್ತಿರುವಾಗಲೇ ಮುಚ್ಚಳ ಬಿಚ್ಚಿ, ಬಗ್ಗಿ ನೋಡಿದೆ. ಒಂದು ಫ್ಯಾನ್ ಗಿರ್ರೆಂದು ತಿರುಗುತ್ತಿತ್ತು. ಇನ್ನೊಂದು ಹಣೆಗೆ ಗಂಧ ಇಟ್ಟುಕೊಂಡು ಧ್ಯಾನದಲ್ಲಿತ್ತು. ಗಂಧ ಫ್ಯಾನಿನ ನಡುವಿನ ಸಂದಿಗೆ ಇಳಿದು ಗಾರೆಯ ಹಾಗೆ ಒಣಗಿತ್ತು. ಸಾಫ್ಟ್‌ವೇರ್ ತಿರುಗುವ ಫ್ಯಾನಿನ ಲೆಕ್ಕ ಮಾತ್ರ ಕೊಡುತ್ತಿತ್ತು.

'ಅಮ್ಮಂಗೆ ಹೇಳ್ಬೇಡ,' ಎಂದಳು ಅಕ್ಕ. 'ಧೂಳು ಅನ್ನು.'

ಮಾರನೆಯ ದಿನ ಕಾರ್ಡನ್ನು ಹೊರಗೆ ತೆಗೆದು, ಪೇಪರ್ ಹಾಸಿಕೊಂಡು ಕೂತೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಗಂಧವನ್ನು ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವೇ ಕೆರೆದೆ. ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಹಾಲಿನ ತುಂಬ ಪೂಜೆಯ ವಾಸನೆ. ಬೆರಳಿನಿಂದ ತಳ್ಳಿದಾಗ ಫ್ಯಾನು ಒಂದು ಸುತ್ತು ಹಗುರಾಗಿ ತಿರುಗಿತು. ತಲೆ ಎತ್ತಿದರೆ ಅಮ್ಮ ನಿಂತಿದ್ದಳು. ತುಂಬ ಧೂಳಿತ್ತು ಎಂದೆ. ಊರಿನವರ ಧ್ವನಿಯನ್ನೆಲ್ಲ ಮಾಡಬಲ್ಲ ನನಗೆ ಒಂದು ಸಣ್ಣ ಸುಳ್ಳನ್ನು ಸರಿಯಾದ ಧ್ವನಿಯಲ್ಲಿ ಹೇಳಲಾಗಲಿಲ್ಲ. ಅಮ್ಮ ಪೇಪರಿನ ಮೇಲಿನ ಚಕ್ಕೆಗಳನ್ನು ನೋಡಿದಳು. ಪೇಪರನ್ನು ನಾಲ್ಕು ಕಡೆಯಿಂದ ಮಡಚಿ ಎತ್ತಿಕೊಂಡು ಹೋಗಿ, ಆ ಚಕ್ಕೆಗಳನ್ನು ತುಳಸಿಯ ಬುಡಕ್ಕೆ ಹಾಕಿದಳು. ವಾಪಸು ಬಂದು, ಇದರಲ್ಲಿ ನೀವಿಬ್ಬರೂ ಏನು ಮಾಡ್ತೀರಿ ಎಂದು ಕೇಳಿದಳು. ಲಾರಿ ಓಡಿಸ್ತೀವಿ ಎಂದೆ. ಮಾತಾಡ್ತೀರಾ ಎಂದಳು. ಮಾತಾಡ್ತೀವಿ ಎಂದೆ.

ಆ ಭಾನುವಾರ ಕ್ಲಾಕ್ ಸಾವಿರದ ಏಳುನೂರಕ್ಕೆ ಏರಿ ಅಲ್ಲೇ ನಿಂತಿತು. ಮೋಡ, ಮರ, ನೆರಳುಗಳನ್ನೆಲ್ಲ ಆ ದೇಶಕ್ಕೆ ವಾಪಸು ಕೊಟ್ಟಿದ್ದೆ. ಅಕ್ಕ ಮುಂದೆ ಹೊರಟಿದ್ದಳು, ಹೂವಿನವಳು ಈಗ ಏನಂತಾಳೆ ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬೆತ್ತದ ಕುರ್ಚಿ ಎಳೆದುಕೊಂಡಳು.

'ನಾನೂ ಕೂತ್ಕೊಳ್ಳಲೇನೋ?'

ತನ್ನ ಮನೆಯ ಕುರ್ಚಿಯಲ್ಲಿ ಕೂರಲು ಅಮ್ಮ ಯಾರನ್ನೂ ಕೇಳಿದವಳಲ್ಲ. ಬೇಡ ಅನ್ನಬೇಕೆನಿಸಿತು, ಸುಳ್ಳೇಕೆ. ವಾರಕ್ಕೊಂದು ಗಂಟೆ, ಅದೂ ಈಗಷ್ಟೇ ಉಳಿದಿದೆ. ಅಮ್ಮ ಬಂದರೆ ಅಕ್ಕ ಮತ್ತೆ ಊಟ ಆಯಿತು, ಮಳೆ ಇಲ್ಲ ಎಂದುಬಿಟ್ಟರೆ? ಕಿವಿಯಲ್ಲಿ ಅಕ್ಕ, ಎಲ್ಲಿ ಸತ್ತೆಯೋ ಕತ್ತೆ ಎನ್ನುತ್ತಿದ್ದಳು. ನಾನು ಹೆಡ್‌ಫೋನ್ ತೆಗೆದು, ಅಮ್ಮನ ತುರುಬು ಸಿಕ್ಕಿಕೊಳ್ಳದ ಹಾಗೆ, ಅವಳ ತಲೆಗೆ ಹಾಕಿದೆ.

ಕತ್ತೆ ಆದಮೇಲಿನ ಬೈಗುಳ ಅಮ್ಮನಿಗೆ ಹೋಯಿತು. ಅಮ್ಮ ಬೆಚ್ಚಿ, ನಾನು ಕಣೇ ಎಂದಳು. ಆಮೇಲೆ ನನಗೆ ಒಂದು ಕಡೆಯದು ಮಾತ್ರ ಕೇಳುತ್ತಿತ್ತು. ಹೂಂ. ಇಲ್ಲ, ಅವನೇ ಹಾಕಿದ. ಯಾರೂ ಇಲ್ವಾ ಹತ್ರ? ಹಾಗಾದ್ರೆ ಹೇಳು. ಅಲ್ಲಿಂದ ಮುಂದೆ ಅಮ್ಮ ಮಾತಾಡಲಿಲ್ಲ, ಕೇಳಿದಳು. ತುಂಬ ಹೊತ್ತು ಕೇಳಿದಳು. ಒಂದು ಸಲ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು, ಆ ನಗುವನ್ನು ಮದುವೆಯ ನಂತರ ನಾನು ಕೇಳಿರಲಿಲ್ಲ. ಒಂದು ಸಲ ಕಣ್ಣೊರೆಸಿಕೊಂಡಳು. ಅಕ್ಕ ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಸದ್ದಿಲ್ಲದ ಲಾರಿಯನ್ನು ಸದ್ದಿಲ್ಲದ ರಸ್ತೆಯಲ್ಲಿ ಓಡಿಸುತ್ತಿದ್ದೆ.

ಅಮ್ಮ ಪರದೆಯತ್ತ ಬಗ್ಗಿ ಬೆರಳು ತೋರಿಸಿದಳು.

'ಮುಂದೆ ಹೋಗ್ತಿರೋದು ಅವಳಾ?'

'ಹೂಂ.'

'ಮತ್ಯಾಕೆ ಇಷ್ಟು ದೂರ ಇದೀಯ? ಸ್ವಲ್ಪ ಹತ್ರ ಹೋಗೋ.'

ನಾನು ಆಕ್ಸಿಲರೇಟರ್ ಒತ್ತಿದೆ.