ಎರಡನೇ ಮಹಡಿಯ ತವರು

ನಾವು ಬಾಡಿಗೆಗಿದ್ದ ಮನೆಯ ಅಜ್ಜಿ ತೀರಿಕೊಂಡು ವರ್ಷ ಕಳೆಯುವುದರೊಳಗೆ ಅವರ ಮಕ್ಕಳು ಹಳೇ ಮನೆ ಕೆಡವಿ ಜಾಗ ಹಂಚಿಕೊಳ್ಳುವುದೆಂದು ತೀರ್ಮಾನಿಸಿದರು. ಹಿರಿಯ ಮಗ ಒಂದು ಭಾನುವಾರ ಮೆಟ್ಟಿಲು ಹತ್ತಿ ಬಂದು, ಕುರ್ಚಿ ಹಾಕಿದರೂ ಕೂರದೆ, "ಮಿಸ್, ಬೇಜಾರ್ ಮಾಡ್ಕೋಬೇಡಿ. ಯುಗಾದಿ ಹೊತ್ತಿಗೆ ಖಾಲಿ ಮಾಡ್ಕೊಟ್ರೆ ಅನುಕೂಲ ಆಗುತ್ತೆ" ಅಂದರು. ಎರಡು ಸಾವಿರದ ಎಂಟನೇ ಇಸವಿ ಮುಗಿಯುತ್ತಿದ್ದ ಕಾಲ ಅದು.

ಆಗ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ತಂಗಿ ಕುಣಿಗಲ್‌ನ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ನಾನು ಪ್ಯಾಸೆಂಜರ್ ರೈಲಿಗೆ ಸ್ಟೇಷನ್ನಿನ ಕಡೆ, ಅವಳು ಬಸ್‌ಸ್ಟ್ಯಾಂಡಿನ ಕಡೆ. ಇಬ್ಬರಿಗೂ ನಡುವೆ ಬೀಳುವ ಊರೆಂದು ತುಮಕೂರಿನಲ್ಲಿ ಮನೆ ಮಾಡಿದ್ದೆವು. ನಾನು ನಲವತ್ತು ದಾಟಿದ್ದೆ, ಅವಳು ನಲವತ್ತರ ಹತ್ತಿರ ಬಂದಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮೊದಲು ಅಪ್ಪನ ಕಾಯಿಲೆ, ಆಮೇಲೆ ಅಮ್ಮನದು. ಆ ವರ್ಷಗಳಲ್ಲಿ ಬಂದ ಸಂಬಂಧಗಳು ಒಂದೊಂದಾಗಿ ತಪ್ಪಿಹೋದವು. ಕೊನೆಗೆ ಜನ ಕೇಳುವುದನ್ನೂ ಬಿಟ್ಟರು. ನಮ್ಮೂರು ಹಾಗಲವಾಡಿಯ ಮನೆ, ಜಮೀನು ಅಣ್ಣನಿಗಿರಲಿ ಎಂದು ನಾವಿಬ್ಬರೂ ಸಂತೋಷದಿಂದಲೇ ಸಹಿ ಮಾಡಿಕೊಟ್ಟಿದ್ದೆವು.

ಬೇರೆ ಬಾಡಿಗೆ ಮನೆ ಹುಡುಕಲು ಹೊರಟಾಗ ಗೊತ್ತಾಯಿತು, ಅಜ್ಜಿ ನಮ್ಮನ್ನು ಎಷ್ಟು ಸಲೀಸಾಗಿ ಇಟ್ಟುಕೊಂಡಿದ್ದರೆಂದು. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ.

"ಗಂಡಸರು ಯಾರಿರ್ತಾರೆ?"

"ಯಾರೂ ಇಲ್ಲ. ನಾವಿಬ್ಬರೇ. ಇಬ್ಬರಿಗೂ ಗೌರ್ಮೆಂಟ್ ಕೆಲಸ."

"ಓ, ಹಂಗಾ? ನೋಡಾಣ ತಡೀರಿ, ಮನೆಯವರನ್ನ ಕೇಳಿ ಹೇಳ್ತೀನಿ."

ಆ ಮನೆಯವರು ಒಬ್ಬರೂ ತಿರುಗಿ ಫೋನ್ ಮಾಡಲಿಲ್ಲ. ಒಂದು ಕಡೆಯಂತೂ ತಂಗಿಗೆ ನೈಟ್ ಡ್ಯೂಟಿ ಇರುತ್ತದೆ ಎಂದು ಕೇಳಿದ ಕೂಡಲೇ ಮನೆಯ ಹೆಂಗಸು ಕೈಯಲ್ಲಿದ್ದ ಬೀಗದಕೈಯನ್ನು ಸೆರಗಿನ ಗಂಟಿಗೆ ಸೇರಿಸಿಬಿಟ್ಟರು. ಬೀದಿಗೆ ಬಂದ ಮೇಲೆ ತಂಗಿ ನಗತೊಡಗಿದಳು. ನನಗೆ ನಗು ಬರಲಿಲ್ಲ. ಉಪ್ಪಾರಹಳ್ಳಿ ಬಡಾವಣೆಯಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಬೋರ್ಡು ಕಣ್ಣಿಗೆ ಬಿದ್ದದ್ದು ಅದೇ ದಿನ, ಅಲ್ಲಿಂದ ವಾಪಸಾಗುವಾಗ.

ತುಮಕೂರಿನಲ್ಲಿ ಆಗ ಫ್ಲ್ಯಾಟ್ ಎಂದರೆ ಇನ್ನೂ ಹೊಸತು. ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಜನ ಸೈಟು ತೆಗೆದುಕೊಳ್ಳುತ್ತಿದ್ದರು, ಕಲ್ಲುಕಂಬ ನೆಟ್ಟು ತಂತಿ ಸುತ್ತುತ್ತಿದ್ದರು, ನಿಧಾನವಾಗಿ ಮನೆ ಕಟ್ಟಿಸುತ್ತಿದ್ದರು. ನಮ್ಮಿಬ್ಬರಲ್ಲಿ ಯಾರು ರಜೆ ಹಾಕಿ ಮರಳು, ಸಿಮೆಂಟು, ಗಾರೆಯವರು ಎಂದು ನಿಲ್ಲಬೇಕು? ಕಟ್ಟಿದ ಮನೆಯೇ ವಾಸಿ ಅನ್ನಿಸಿತು. ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದಿತ್ತು. ಇಬ್ಬರ ಸಂಬಳ ಸೇರಿಸಿ ತೋರಿಸಿದರೆ ಬ್ಯಾಂಕಿನವರೂ ಸಾಲ ಕೊಡುತ್ತೇವೆ ಅಂದರು.

ಆದರೆ ಕಾಲ ಸರಿ ಇರಲಿಲ್ಲ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ ಸುದ್ದಿ ದಿನವೂ ಟಿವಿಯಲ್ಲಿ. ಬೆಂಗಳೂರಿನಲ್ಲಿ ಅರ್ಧಕ್ಕೆ ನಿಂತ ಕಟ್ಟಡಗಳ ಕಥೆಯನ್ನು ರೈಲಿನಲ್ಲಿ ಯಾರಾದರೊಬ್ಬರು ಹೇಳುತ್ತಲೇ ಇರುತ್ತಿದ್ದರು. ನಾವು ನೋಡಿದ ಕಟ್ಟಡದಲ್ಲೂ ಮೂರು ಮಹಡಿ ಎದ್ದ ಮೇಲೆ ಕೆಲಸ ಕುಂಟತೊಡಗಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ.

"ಆರು ತಿಂಗಳು ಕಾಯ್ರಿ ಮೇಡಂ. ಅವರೇ ಕಾಲಿಗೆ ಬಿದ್ದು ಕೊಡ್ತಾರೆ" ಎಂದರು ಗಣಿತದ ಮೇಷ್ಟ್ರು.

"ಆರು ತಿಂಗಳು ಕಾಯೋದ್ರಲ್ಲಿ ಬಿಲ್ಡರ್ರೇ ಊರು ಬಿಟ್ಟಿರ್ತಾನೆ" ಎಂದರು ಡ್ರಿಲ್ ಮೇಷ್ಟ್ರು.

ಅಣ್ಣನಿಗೆ ಫೋನ್ ಮಾಡಿದೆ. ಅವನು ಹಾಗಲವಾಡಿಯಿಂದ ಬೈಕಿನಲ್ಲೇ ಬಂದು, ಕಟ್ಟಡದ ಸುತ್ತ ಒಂದು ಸುತ್ತು ಹಾಕಿ, ನೆಲವನ್ನು ಚಪ್ಪಲಿಯಲ್ಲಿ ಒತ್ತಿ ನೋಡಿದ.

"ಇದ್ರಲ್ಲಿ ನಿಮ್ದು ಅಂತ ಯಾವ್ದಮ್ಮ? ಕೆಳಗಿನ್ ಮನೆಯವ್ನ ಸೂರೇ ನಿಮ್ಗೆ ನೆಲ, ನಿಮ್ ಸೂರು ಮೇಲಿನವ್ನಿಗೆ ನೆಲ. ನಾಳೆ ಬಿದ್ದೋದ್ರೆ ಯಾವ್ ಮಣ್ಣು ನಿಮ್ದು ಅಂತೀರಾ? ಒಂದ್ ಸೈಟ್ ತಗಂಡು ಬಿಸಾಕಿ, ಅದ್ರ ಪಾಡಿಗೆ ಬಿದ್ದಿರ್ತೈತೆ."

"ಸೈಟಲ್ಲಿ ಮಲ್ಗಕ್ಕಾಗಲ್ವಲ್ಲಣ್ಣ" ಅಂದಳು ತಂಗಿ.

"ನಿಮ್ಗೆ ಹೇಳಿ ಪ್ರಯೋಜ್ನ ಇಲ್ಲ ಬುಡಿ" ಎಂದು ಅವನು ನಕ್ಕ. ನಮ್ಮ ಜೊತೆ ಊಟ ಮಾಡಿಕೊಂಡೇ ಹೋದ.

ಸಂಕ್ರಾಂತಿ ಕಳೆದ ಮೇಲೆ ನಾವಿಬ್ಬರೂ ಇನ್ನೊಮ್ಮೆ ನೋಡಲು ಹೋದೆವು. ಬಿಲ್ಡರು ಮೊದಲು ಅಕ್ಕಿ ಗಿರಣಿ ನಡೆಸುತ್ತಿದ್ದವರು, ಮಾತಿನಲ್ಲಿ ಬೆಡಗಿಲ್ಲದ ಮನುಷ್ಯ. "ಮೇಲೆ ಹೋಗಿ ನೋಡ್ಕಂಡ್ ಬನ್ನಿ ಮೇಡಂ, ಕಂಬಿ ಹಾಕಿಲ್ಲ, ಗೋಡೆ ಕಡೇಲೇ ಹತ್ತಿ" ಎಂದು ಹೇಳಿ ಅವರು ಕೆಳಗೇ ನಿಂತರು. ಲಿಫ್ಟಿಗೆಂದು ಬಿಟ್ಟ ಚೌಕದ ಹೊಂಡಕ್ಕೆ ಹಲಗೆ ಅಡ್ಡ ಇಟ್ಟಿದ್ದರು. ಎರಡನೇ ಮಹಡಿಯ ಆ ಮನೆಗೆ ಬಾಗಿಲಿರಲಿಲ್ಲ, ಕಿಟಕಿಗಳಿಗೆ ಚೌಕಟ್ಟು ಮಾತ್ರ ಇತ್ತು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಿತ್ತು. ದೂರದಲ್ಲಿ ದೇವರಾಯನದುರ್ಗದ ಬೆಟ್ಟ ಮಸುಕಾಗಿ ಕಾಣುತ್ತಿತ್ತು. ನಾನು ಉತ್ಸಾಹದಲ್ಲಿ ಒಂದೊಂದೇ ಜಾಗ ತೋರಿಸುತ್ತಾ ಹೋದೆ. ಇಲ್ಲಿ ಗ್ಯಾಸು, ಇಲ್ಲಿ ದೇವರು, ಈ ರೂಮು ನಿನ್ನದು, ನೈಟ್ ಡ್ಯೂಟಿ ಮುಗಿಸಿ ಬಂದರೆ ಹಗಲು ಬಿಸಿಲು ಬೀಳುವುದಿಲ್ಲ, ನೆಮ್ಮದಿಯಾಗಿ ಮಲಗಬಹುದು.

ಅವಳು ಕಿಟಕಿಯ ಹತ್ತಿರ ನಿಂತಿದ್ದಳು.

"ಅಕ್ಕಾ, ಒಂದ್ ವಿಷ್ಯ ಹೇಳ್ಬೇಕು ಕಣೆ. ಮನೆ ತಗೊಳ್ಳೋಕ್ಕೆ ಮುಂಚೆ ಹೇಳ್ಬೇಕು."

"ಏನು? ನಿಂಗೆ ಇಷ್ಟ ಆಗ್ಲಿಲ್ವಾ?"

"ಮನೆ ಚೆನ್ನಾಗಿದೆ. ನಾನು ಮದ್ವೆ ಆಗ್ತಾ ಇದೀನಿ."

ಕೆಳಗೆ ಗಾರೆಯವರು ಬಾಂಡಲಿ ಎಳೆಯುತ್ತಿದ್ದರು. ಅವಳು ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಮದುವೆಯಾಗುವವರು ಕೊತ್ತಗೆರೆಯವರು. ಕುಣಿಗಲ್‌ನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾರೆ. ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿವೆ. ಮಿಡ್ಲ್ ಸ್ಕೂಲಿನಲ್ಲಿ ಓದುವ ಮಗಳಿದ್ದಾಳೆ. ಅವರ ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪರಿಚಯವಾಯಿತು.

"ಒಳ್ಳೆಯವ್ರಾ?" ಎಂದೆ.

"ಒಳ್ಳೆಯವ್ರು ಕಣೆ."

ನಾನು ಅವಳ ಕೈ ಹಿಡಿದುಕೊಂಡೆ. ಸಂತೋಷವೇ ಆಯಿತು, ಅದು ಸುಳ್ಳಲ್ಲ. ಮಾರನೆಯ ದಿನ ಗುಬ್ಬಿಗೆ ಹೋಗುವ ರೈಲಿನಲ್ಲಿ ಕೂತಾಗ ಮಾತ್ರ ಎದೆಯಲ್ಲಿ ಏನೋ ಖಾಲಿಯಾದಂತೆ ಇತ್ತು. ಸಂಜೆ ಬಿಲ್ಡರಿಗೆ ಫೋನ್ ಮಾಡಿ, ಮನೆ ಬೇಡ, ನಮ್ಮ ಪರಿಸ್ಥಿತಿ ಬದಲಾಗಿದೆ ಅಂದೆ. ಅವರು, "ಆಯ್ತು ಮೇಡಂ. ಎಲ್ಲರೂ ಹಂಗೇ ಅಂತಾವ್ರೆ ಈಗ" ಎಂದರು.

ಒಬ್ಬಳಿಗೆ ಎರಡು ರೂಮಿನ ಮನೆ ಯಾಕೆ ಎಂದು ಗುಬ್ಬಿಯಲ್ಲೇ ನೋಡತೊಡಗಿದೆ. ಸ್ಕೂಲಿಗೆ ಹತ್ತಿರ, ನಮ್ಮ ಆಫೀಸಿನ ಕ್ಲರ್ಕ್ ಮನೆಯ ಹಿಂದೆ ಒಂದು ರೂಮು, ಅಡಿಗೆಗೆ ಒಂದು ಮೂಲೆ. ಕ್ಲರ್ಕ್ ಹೆಂಡತಿ ತುಂಬ ಒಳ್ಳೆಯವರು. "ನಮ್ಮನೆ ಹೆಣ್ಮಗಳ ತರ ಇದ್ದುಬಿಡಿ ಮಿಸ್" ಅಂದರು. ನಾನು ಒಪ್ಪಿಕೊಂಡೆ ಎಂದೇ ಹೇಳಬೇಕು.

ಈ ನಡುವೆ ತಂಗಿ ಅಣ್ಣನಿಗೆ ವಿಷಯ ತಿಳಿಸಲು ಒಬ್ಬಳೇ ಹಾಗಲವಾಡಿಗೆ ಹೋದಳು. ಬರುವಾಗ ಮುಖ ಸಣ್ಣಗಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವಳು ನೆಲದ ಮೇಲೆ ಗೋಡೆಗೆ ಒರಗಿ ಕೂತಳು.

"ಏನಂದ?"

"ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಈ ವಯಸ್ಸಲ್ಲಿ, ಅದೂ ಎರಡನೇ ಸಂಬಂಧ, ಊರೋರ ಮುಂದೆ ಚಪ್ಪರ ಹಾಕಕ್ಕೆ ನಂಗಾಗಲ್ಲ, ನೀವೇ ಎಲ್ಲಾರ ಮಾಡ್ಕಳಿ ಅಂದ. ಅತ್ತಿಗೆ ಅಡಿಗೆ ಮನೇಲಿ ಅಳ್ತಾ ಇದ್ರು."

ನಾನು ಕಾಫಿ ತಂದುಕೊಟ್ಟೆ. ಅವಳು ಲೋಟ ಹಿಡಿದುಕೊಂಡೇ ಕೂತಿದ್ದಳು.

"ಅಕ್ಕಾ, ಆ ಗುಬ್ಬಿ ರೂಮಿಗೆ ನಾನು ಬಂದ್ರೆ ಎಲ್ಲಿ ಮಲಗ್ಲಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹಬ್ಬಕ್ಕೆ ಬರ್ತೀನಿ, ಹುಷಾರಿಲ್ದಾಗ ಬರ್ತೀನಿ, ಸುಮ್ನೆ ಬೇಜಾರಾದಾಗ ಬರ್ತೀನಿ. ಎಲ್ರೂ ತವರಿಗೆ ಹೋಗ್ತಾರಲ್ಲ, ಹಂಗೆ. ನಂಗೆ ಎಲ್ಲಿದೆ ತವರು? ಆ ಮನೆ ತಗೊ. ನನ್ನ ಹೆಸ್ರೂ ಹಾಕ್ಸು, ಸಂಬಳದಲ್ಲಿ ನನ್ನ ಪಾಲು ನಾನು ಕಟ್ತೀನಿ. ಅವ್ರಿಗೂ ಹೇಳಿದೀನಿ. ಅದು ನೀವು ಅಕ್ಕ ತಂಗಿ ಮಾತಾಡ್ಕೊಳ್ಳೋ ವಿಷ್ಯ, ನನ್ನ ಕೇಳ್ಬೇಡಿ ಅಂದ್ರು."

"ರೇಟು ಇನ್ನೂ ಬಿದ್ರೆ?"

"ಬೀಳ್ಲಿ ಬಿಡೆ. ನಾವೇನು ಮಾರಕ್ಕೆ ತಗೊಳ್ತೀವಾ?"

ಅಷ್ಟು ದಿನ ನಾವು ಕೇಳಿದ್ದ ಸಲಹೆಗಳೆಲ್ಲ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆಯೇ ನಿಂತಿದ್ದವು. ನಾನು ಕೂಡ ಹಾಗೆಯೇ ಯೋಚಿಸಿದ್ದೆ. ತಂಗಿಯ ಮಾತು ಕೇಳಿದ ಮೇಲೆ ಉಳಿದದ್ದು ಒಂದೇ ಅಳುಕು: ಕಟ್ಟಡ ಮುಗಿಯುತ್ತದೆಯೇ?

ಆ ಶನಿವಾರ ಶಾಲೆ ಮುಗಿಸಿ ನೇರ ಉಪ್ಪಾರಹಳ್ಳಿಗೆ ಹೋದೆ. ಬಿಲ್ಡರು ಇಟ್ಟಿಗೆಯ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದರು.

"ತಗೊಳ್ತೀನಿ. ಆದ್ರೆ ನನ್ನದೊಂದು ಮಾತಿದೆ. ಉಳಿದ ಮನೆ ಯಾವಾಗ ಬೇಕಾದ್ರೂ ಮುಗಿಸ್ಕೊಳ್ಳಿ. ನಮ್ಮದನ್ನ ಮೊದಲು ಮುಗಿಸ್ಕೊಡಬೇಕು. ಕೆಲಸ ಎಷ್ಟಾಗುತ್ತೋ ಅಷ್ಟಕ್ಕೆ ಬ್ಯಾಂಕಿಂದ ದುಡ್ಡು ಬರುತ್ತೆ, ಮುಂಚೆ ಬರಲ್ಲ. ವೈಶಾಖದಲ್ಲಿ ನನ್ನ ತಂಗಿ ಮದುವೆ. ಅವಳನ್ನ ಈ ಮನೆಯಿಂದಲೇ ಕಳಿಸ್ಬೇಕು."

ಅವರು ತಲೆಯೆತ್ತಿ ನೋಡಿದರು. ಜನ ಮುಗಿಬೀಳುತ್ತಿದ್ದ ಕಾಲವಾಗಿದ್ದರೆ ಈ ಮಾತಿಗೆ ನಕ್ಕು ಕಳಿಸುತ್ತಿದ್ದರೋ ಏನೋ. ಈಗ ಎದ್ದು ನಿಂತು ಪಂಚೆ ಕೊಡವಿಕೊಂಡರು. "ಮದುವೆ ಅಂತೀರಾ. ಆಗಲ್ಲ ಅನ್ನಕ್ಕಾಯ್ತದಾ ಮೇಡಂ? ಲಿಫ್ಟ್ ಮಾತ್ರ ಆಗಲ್ಲ. ನೀರು, ಕರೆಂಟು, ಬಾಗ್ಲು ನನ್ ಜವಾಬ್ದಾರಿ" ಎಂದರು.

ಹಳೇ ಮನೆಯ ಹಿರಿಯ ಮಗನಿಗೆ ಇನ್ನೊಂದೆರಡು ತಿಂಗಳು ಕೊಡಿ ಎಂದು ಕೇಳಿದೆ. ಮದುವೆ ಎಂದು ತಿಳಿದು ಅವರು ಇಲ್ಲವೆನ್ನಲಿಲ್ಲ. ಬಿಲ್ಡರೂ ಮಾತು ಉಳಿಸಿಕೊಂಡರು. ಸುಣ್ಣದ ಮೇಲೆ ಬಣ್ಣ ಆಗಿರಲಿಲ್ಲ, ಬಾಲ್ಕನಿಗೆ ಕಂಬಿಯ ಬದಲು ಬಿದಿರಿನ ಗಳ ಕಟ್ಟಿದ್ದರು. ಆದರೂ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಮದುವೆಗೆ ಎರಡು ದಿನ ಮುಂಚೆ ಹಾಲುಕ್ಕಿಸಿದೆವು. ಆ ಕಟ್ಟಡದಲ್ಲಿ ಒಲೆ ಹತ್ತಿದ್ದು ಅದೇ ಮೊದಲು.

ಮದುವೆ ಹತ್ತಿರದ ಮಠವೊಂದರಲ್ಲಿ ಬೆಳಿಗ್ಗೆ ಸರಳವಾಗಿ ಆಯಿತು. ಅತ್ತಿಗೆ ಹಾಗಲವಾಡಿಯಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಅಣ್ಣ ಬರಲಿಲ್ಲ. ಊಟ ನಮ್ಮ ಹೊಸ ಮನೆಯಲ್ಲಿ. ಎಲ್ಲರೂ ಬಟ್ಟೆ ಎತ್ತಿ ಹಿಡಿದುಕೊಂಡು, ಸಿಮೆಂಟಿನ ಧೂಳು ತಾಗದಂತೆ ಮೆಟ್ಟಿಲು ಹತ್ತಿದರು. ಹೊರಡುವ ಹೊತ್ತಿಗೆ ಮಡಿಲಕ್ಕಿ ತುಂಬಬೇಕಾಯಿತು. ಮದುವೆಯಾಗದವಳು ನಾನು ಅದನ್ನು ಮುಟ್ಟಬಾರದೆಂದು ಮೊರವನ್ನು ಅತ್ತಿಗೆಯ ಕೈಗೆ ಕೊಟ್ಟು ಹಿಂದೆ ಸರಿದೆ. ಕೊತ್ತಗೆರೆಯ ಆ ತಾಯಿ, ತಂಗಿಯ ಅತ್ತೆ, ಅದನ್ನು ನೋಡಿದರು.

"ಯಾಕವ್ವ ಹಿಂದಕ್ಕೋದೆ? ತಾಯಿ ಜಾಗ್ದಾಗೆ ನಿಂತಿರೋಳು ನೀನು. ನೀನೇ ತುಂಬು. ಅವರೂ ಒಂದ್ ಕೈ ಹಾಕ್ತಾರೆ."

ಅತ್ತಿಗೆ ಮೊರ ಹಿಡಿದರು. ನಾನು ಬೊಗಸೆಯಲ್ಲಿ ಅಕ್ಕಿ ತುಂಬಿದೆ. ತಂಗಿ ಸೆರಗು ಹಿಡಿದುಕೊಂಡು ತಲೆ ಬಗ್ಗಿಸಿದ್ದಳು, ಅವಳ ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು. ಅವಳ ಹೊಸ ಮಗಳು ಪಕ್ಕದಲ್ಲಿ ನಿಂತು, ಇದೆಲ್ಲ ಏನೆಂದು ಗೊತ್ತಾಗದೆ, ಕರವಸ್ತ್ರ ತೆಗೆದು ಅವಳಿಗೆ ಕೊಟ್ಟಳು.

ಆಮೇಲೆ ಹಲವು ತಿಂಗಳು ಆ ಕಟ್ಟಡದಲ್ಲಿ ನಾನೊಬ್ಬಳೇ. ಜನ ಹೆದರಿಸಿದರು, ನನಗೇನೂ ಹೆದರಿಕೆಯಾಗಲಿಲ್ಲ. ಗೇಟಿನ ಹತ್ತಿರ ಒಂದು ಗಾರೆಯವರ ಸಂಸಾರ ಗುಡಿಸಲು ಹಾಕಿಕೊಂಡಿತ್ತು. ಸಂಜೆ ಅವರ ಒಲೆಯ ಹೊಗೆ ನಮ್ಮ ಅಡಿಗೆ ಮನೆಯ ಕಿಟಕಿಯವರೆಗೂ ಬರುತ್ತಿತ್ತು. ನಾವು ಸಹಿ ಹಾಕಿದ ಮೇಲೆ ಬೆಲೆ ಇನ್ನೂ ಕೊಂಚ ಇಳಿಯಿತು. ಮೂರನೇ ಮಹಡಿಯ ಮನೆ ನಮ್ಮದಕ್ಕಿಂತ ಕಡಿಮೆಗೆ ಹೋಯಿತೆಂದು ಗಣಿತದ ಮೇಷ್ಟ್ರು ಎಲ್ಲಿಂದಲೋ ತಿಳಿದುಕೊಂಡು ಬಂದು ಹೇಳಿದರು. "ಹೌದಾ ಸರ್" ಎಂದು ಕ್ಲಾಸಿಗೆ ಹೋದೆ. ನಾಲ್ಕೈದು ವರ್ಷದ ಮೇಲೆ ಬೆಲೆ ಚೆನ್ನಾಗಿ ಏರಿತಂತೆ. ಅದನ್ನೂ ಅವರೇ ಹೇಳಿದರು.

ಆಷಾಢ ಕಳೆದು ಅಣ್ಣ ಬಂದ. ಹೇಳದೆ ಕೇಳದೆ, ಹೆಗಲ ಮೇಲೆ ಬಾಳೆಗೊನೆ ಹೊತ್ತುಕೊಂಡು, ಲಿಫ್ಟಿಲ್ಲದ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ತಂಗಿಯ ವಿಷಯ ಎತ್ತಲಿಲ್ಲ. ಮನೆಯೆಲ್ಲ ನೋಡಿ, ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ನಿಂತು, "ಗಾಳಿ ಚೆನ್ನಾಗೈತೆ" ಅಂದ. ಹೋಗುವಾಗ, "ಅರ್ಧ ಗೊನೆ ಕುಣಿಗಲ್‌ಗೆ ಕಳ್ಸು" ಎಂದು ನನ್ನ ಮುಖ ನೋಡದೆ ಹೇಳಿ ಮೆಟ್ಟಿಲು ಇಳಿದುಬಿಟ್ಟ.

ಆ ವರ್ಷದ ಗೌರಿ ಹಬ್ಬಕ್ಕೆ ತಂಗಿ ಮಗಳನ್ನು ಕರೆದುಕೊಂಡು ಬಂದಳು. ನೈಟ್ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿದ್ದಳು. ನಾನು ತಂದಿಟ್ಟಿದ್ದ ಸೀರೆ, ಬಳೆ ಕೊಟ್ಟೆ. ಅವಳು ನಮಸ್ಕಾರ ಮಾಡಲು ಬಗ್ಗಿದಾಗ ನನಗೆ ನಾಚಿಕೆಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡೆ. ಒಬ್ಬಟ್ಟಿನ ಊಟ ಮುಗಿಸಿ, ಕೈ ಒರೆಸಿಕೊಂಡವಳು, ಪಾತ್ರೆಗೆ ಕೈ ಹಾಕದೆ ನೇರ ರೂಮಿಗೆ ಹೋಗಿ ಮಲಗಿದಳು. ಮಧ್ಯಾಹ್ನದ ರೈಲು ಹೋಯಿತು, ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು, ತಂಗಿ ಏಳಲಿಲ್ಲ. ಹುಡುಗಿ ಟಿವಿಯ ದನಿ ಪೂರ್ತಿ ಇಳಿಸಿ ಕೂತಿದ್ದಳು. ಎಬ್ಬಿಸಲೇ ಎಂದು ಕಣ್ಣಲ್ಲೇ ಕೇಳಿದಳು. ಬೇಡ, ಮಲಗಲಿ ಎಂದೆ.